ಪುಸ್ತಕದಲ್ಲಿ ಇಲ್ಲದ ಮುಖ

ದಿನಕ್ಕೊಂದು ಪುಟ ಚಿತ್ರ ಬರೆಯದೆ ನಾನು ಅಂಗಡಿಯ ಬಾಗಿಲು ತೆರೆಯುವವನಲ್ಲ. ದುರ್ಗಿಗುಡಿ ಬೀದಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತ ಶುರುಮಾಡಿ, ಈಗ ಫೋಟೋ ನೋಡಿ ಭಾವಚಿತ್ರ ಮಾಡಿಕೊಡುವವನಾಗಿದ್ದೇನೆ. ಗುರುಗಳೆಂದು ಯಾರೂ ಇರಲಿಲ್ಲ, ಕಲಿಸಿದ್ದೆಲ್ಲ ಸ್ಕೆಚ್ ಪುಸ್ತಕವೇ. ಕೆಲಸ ಕಲಿಯಲು ಬಂದವರಿಗೂ ಅದನ್ನೇ ಹೇಳುತ್ತೇನೆ. ದುಬಾರಿ ಕಾಗದ ಕೊಳ್ಳಬೇಡಿ, ಕೈ ಹೆದರುತ್ತದೆ. ಕೆಟ್ಟ ಪುಟ ಹರಿಯಬೇಡಿ, ನಾಳೆ ಅದೇ ತಪ್ಪು ಮಾಡುತ್ತೀರಿ.

ಇನ್ನೊಂದು ಮಾತೂ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ: ಪುಸ್ತಕದಲ್ಲಿ ಮುಖ ಬರೆಯಬೇಡಿ.

ಅದಕ್ಕೆ ಕಾರಣವಿತ್ತು. ಮೊದಮೊದಲು ಭದ್ರಾವತಿ ಬಸ್ಸಿನಲ್ಲಿ ಎದುರು ಕೂತವರ ಮುಖ ಬರೆದರೆ, ಇಳಿಯುವಾಗ "ನಂದೇ ಅಲ್ವಾ ಸಾರ್, ಕೊಟ್ಬಿಡಿ" ಎಂದು ಕೈಚಾಚುತ್ತಿದ್ದರು. ಮುಖವೆಂದರೆ ನನ್ನ ಅಂಗಡಿಯ ಸರಕು. ಅದನ್ನು ಬಸ್ಸಿನಲ್ಲಿ ಪುಕ್ಕಟೆ ಹಂಚಿದರೆ ಅಂಗಡಿಗೆ ಬರುವವರು ಯಾರು? ಕೈ, ಬೆನ್ನು, ಚಪ್ಪಲಿ ಬರೆದರೆ ಯಾರೂ ಕೇಳುವುದಿಲ್ಲ. ಕೈ ಬರೆಯುವುದು ಕಷ್ಟ, ಹಾಗಾಗಿ ಅಭ್ಯಾಸವೂ ಆಗುತ್ತದೆ ಎಂದುಕೊಂಡೆ.

ಭಾನುವಾರ ಭದ್ರಾವತಿಯಲ್ಲಿ ಅಕ್ಕನ ಮನೆಯಲ್ಲಿ ನನ್ನ ಊಟ. ಭಾವ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಊಟವಾದ ಮೇಲೆ ನೆಲದ ಮೇಲೆ ಕೂತು ಯಾರದೋ ಮನೆಯ ಮಿಕ್ಸಿಯನ್ನೋ ಫ್ಯಾನನ್ನೋ ಬಿಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಒಮ್ಮೆ ಬಗ್ಗಿ ನೋಡಿದರು.

"ಏನ್ ಮಾರಾಯ, ನಾನೇನು ಕೇತುನಾ? ತಲೇನೇ ಇಲ್ವಲ್ಲ!"

"ತಲೆಗೆ ರೇಟ್ ಬೇರೆ ಭಾವ."

ಅವರು ನಕ್ಕರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕನೂ ನಕ್ಕಳು.

ಕಳೆದ ವರ್ಷ ಭಾವ ಎದೆನೋವೆಂದು ಮಲಗಿದವರು ಏಳಲಿಲ್ಲ. ಹದಿಮೂರನೆಯ ದಿನಕ್ಕೆ ಗೋಡೆಗೆ ಹಾಕಲು ಒಂದು ಚಿತ್ರ ಬೇಕಿತ್ತು. ಮಕ್ಕಳ ಮೊಬೈಲಿನಲ್ಲಿ ಬೇಕಾದಷ್ಟು ಫೋಟೋಗಳಿದ್ದವು. ಅಕ್ಕ ಎಲ್ಲವನ್ನೂ ಪಕ್ಕಕ್ಕೆ ಸರಿಸಿದಳು.

"ಇವು ಯಾವ್ದೂ ಬೇಡ ಕಣೋ. ಮೊಬೈಲ್ ಎತ್ತಿದ್ರೆ ಸಾಕು, ತುಟಿ ಬಿಗಿದು ಪೊಲೀಸಿನೋರ ಥರ ನಿಂತ್ಕೊಳ್ಳೋರು. ನಂಗೆ ಮನೇಲಿದ್ದ ಮುಖ ಬೇಕು. ನೀನು ವಾರ ವಾರ ಬರೀತಿದ್ಯಲ್ಲ, ಒಂದ್ರಲ್ಲಾದ್ರೂ ಮುಖ ಇರತ್ತೆ, ಅದನ್ನ ನೋಡ್ಕೊಂಡು ದೊಡ್ಡದಾಗಿ ಮಾಡ್ಕೊಡು."

ಮರುದಿನ ಪುಸ್ತಕಗಳನ್ನು ಹೊತ್ತೊಯ್ದೆ. ಆಕೆ ಒಂದೊಂದೇ ಪುಟ ತಿರುಗಿಸಿದಳು. ಸ್ಕ್ರೂಡ್ರೈವರ್ ಹಿಡಿದ ಕೈ. ಬಗ್ಗಿದ ಕುತ್ತಿಗೆ. ಕನ್ನಡಕದ ಕಡ್ಡಿ ಸಿಕ್ಕಿಸಿದ ಕಿವಿ. ಮತ್ತೆ ಕೈ. ಕೊನೆಯ ಪುಸ್ತಕ ಮುಚ್ಚಿ ಕೇಳಿದಳು, "ಮುಖ ಎಲ್ಲೋ?"

"ಕೈ ಬರೆಯೋದೇ ಕಷ್ಟ ಅಕ್ಕ. ಮುಖ ಸುಲಭ, ಯಾವಾಗ ಬೇಕಾದ್ರೂ..."

"ಸುಲಭ ಅಲ್ವಾ? ಹಾಗಾದ್ರೆ ಈಗ ಬರಿ."

ಬರೆದೆ. ಕಿವಿ ಬಂತು, ಅದು ನನಗೆ ಗೊತ್ತಿತ್ತು. ಕಿವಿಯಿಂದ ಮುಂದಕ್ಕೆ ಪೆನ್ಸಿಲ್ ಹೋಗಲಿಲ್ಲ. "ಹುಬ್ಬು ಹಾಗಿರ್ಲಿಲ್ಲ" ಎಂದಳು. ಅಳಿಸಿದೆ. "ಕೆನ್ನೆ ಇಷ್ಟು ತುಂಬಿರ್ಲಿಲ್ಲ." ಮತ್ತೆ ಅಳಿಸಿದೆ. ಕಾಗದ ಸವೆದು ತೂತು ಬಿತ್ತು. ಅಕ್ಕ ನನ್ನ ಕೈಯಿಂದ ರಬ್ಬರ್ ತೆಗೆದು ಪಕ್ಕಕ್ಕಿಟ್ಟಳು. "ಬಿಡು, ಫೋಟೋ ನೋಡ್ಕೊಂಡೇ ಬರಿ."

ಹದಿಮೂರನೆಯ ದಿನ ತುಟಿ ಬಿಗಿದ ಭಾವನಿಗೆ ಹಾರ ಹಾಕಿದರು. "ಎದ್ದು ಬಂದ ಹಾಗಿದೆ" ಎಂದು ನೆಂಟರು ಹೊಗಳಿದರು. ಅಕ್ಕ ಆ ಕಡೆ ನೋಡಲಿಲ್ಲ.

ಈಗ ಬಸ್ಸಿನಲ್ಲಿ ಮುಖವನ್ನೇ ಬರೆಯುತ್ತೇನೆ. ಕೇಳಿದವರಿಗೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲು ಬಿಡುತ್ತೇನೆ, ಪುಟ ನನ್ನಲ್ಲೇ ಇರುತ್ತದೆ. ಈ ಕೆಲಸಕ್ಕೆ ಬರುವವರು ಮೊದಲು ಮನೆಯವರ ಮುಖದಿಂದಲೇ ಶುರುಮಾಡಲಿ. ಅವರನ್ನು ಯಾವಾಗ ಬೇಕಾದರೂ ಬರೆಯಬಹುದೆಂಬ ಲೆಕ್ಕ ತಪ್ಪು.

ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಸ್ಟೂಲು ಎಳೆದು ಅವಳೆದುರು ಕೂತು ಪುಸ್ತಕ ತೆರೆದೆ.

"ಸ್ವಲ್ಪ ತಲೆ ಎತ್ತಕ್ಕ."

"ಕೈ ಬರ್ಕೊಳ್ಳೋ. ತಲೆಗೆ ರೇಟ್ ಬೇರೆ ಅಲ್ವಾ?"

ತಲೆ ಎತ್ತಲಿಲ್ಲ. ಬಗ್ಗಿದ ಮುಖವನ್ನೇ ಬರೆದೆ. ಮೂಗು ಸರಿಬರಲಿಲ್ಲ. ಮುಂದಿನ ಭಾನುವಾರವೂ ಅದೇ ಸ್ಟೂಲಿನ ಮೇಲೆ ಕೂತೆ.