ಹೆಣೆದವನೇ ಮೊದಲು ಕೂರಬೇಕು

ಪಕ್ಷದ ಹಬ್ಬ ಹತ್ತಿರ ಬಂತೆಂದರೆ ಆಗೆಲ್ಲ ನಮ್ಮ ಮನೆಯಲ್ಲಿ ನಮಗೇ ಕೂರಲು ಜಾಗ ಇರುತ್ತಿರಲಿಲ್ಲ. ಇದ್ದದ್ದು ಒಂದು ಪಡಸಾಲೆ, ಅದರ ತುಂಬ ಊರವರ ಕುರ್ಚಿಗಳು. ತೀರಿಹೋದ ಹಿರಿಯರಿಗೆ ಎಡೆ ಇಡುವ ಹಬ್ಬವಲ್ಲವೇ, ಮಿರ್ಲೆ, ಸಾಲಿಗ್ರಾಮದ ಕಡೆಯ ದೊಡ್ಡ ಮನೆಯವರಿಗೆ ವರ್ಷವಿಡೀ ಅಟ್ಟದ ಮೇಲೆ ಬಿದ್ದಿದ್ದ ತಾತ ಮುತ್ತಾತಂದಿರ ಕುರ್ಚಿ ಆಗ ನೆನಪಾಗುತ್ತಿತ್ತು. ಬೆತ್ತ ಹರಿದು ಬಾಯಿ ಬಿಟ್ಟವು, ಹುರಿ ಜೋತುಬಿದ್ದವು, ಇಲಿ ಕಡಿದವು, ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಬಂದು ಕೆ.ಆರ್. ನಗರದ ನಮ್ಮ ಕೇರಿಯಲ್ಲಿ ಇಳಿಸುತ್ತಿದ್ದರು. ನಾವು ಆ ಕುರ್ಚಿಕಾಲುಗಳ ನಡುವೆ ನುಸುಳಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮುದ್ದೆ ಉಣ್ಣಬೇಕು. "ಇಷ್ಟೊಂದ್ ಕುರ್ಚಿ ಮಡೀಕಂಡು ನೆಲದ್ ಮ್ಯಾಲ್ ಉಣ್ಣೋರು ಈ ಸೀಮೇಲಿ ನಾವೇಯ ಕಣ" ಎಂದು ಅವ್ವ ಗೊಣಗುತ್ತಿದ್ದಳು.

ಅಪ್ಪ ಮಾದಪ್ಪ ಕುರ್ಚಿ ಹೆಣೆಯುವವನು. ಬೆತ್ತ ಕೊಡಗಿನ ಕಡೆಯಿಂದ ಬರುತ್ತಿತ್ತು. ಅದನ್ನು ಸೀಳಿ, ಒಳಗಿನ ತಿರುಳು ಹೆರೆದು, ಬಾನಿಯ ನೀರಿನಲ್ಲಿ ನೆನೆಹಾಕುತ್ತಿದ್ದ. ನೆಂದ ಬೆತ್ತಕ್ಕೆ ಒಂದು ವಾಸನೆ ಇದೆ. ಮೊದಲ ಮಳೆಗೆ ನೆಂದ ಭತ್ತದ ಹುಲ್ಲಿನ ಹಾಗೆ, ಆದರೆ ಸ್ವಲ್ಪ ಕಹಿ. ಆ ವಾಸನೆ ಮೂಗಿಗೆ ಬಿತ್ತೆಂದರೆ ನಮಗೆ ಹಬ್ಬ ಶುರು. ಉಳಿದ ತುಂಡುಗಳೆಲ್ಲ ನಮ್ಮ ಆಸ್ತಿ. ಅವುಗಳಲ್ಲಿ ಬಳೆ ಮಾಡಿ ತೊಡುತ್ತಿದ್ದೆವು, ನೆಲದಲ್ಲಿ ಚೌಕಾಬಾರದ ಮನೆ ಬರೆದು ತುಂಡುಗಳನ್ನೇ ಕಾಯಿ ಮಾಡಿ ಆಡುತ್ತಿದ್ದೆವು. ಅವ್ವ ಹುರಿದ ಹುರುಳಿಕಾಳನ್ನು ಸೆರಗಿನಲ್ಲಿ ತಂದು ಸುರಿಯುತ್ತಿದ್ದಳು.

ಆಟಕ್ಕಿಂತ ನನಗೆ ಕೆಲಸದ ಹುಚ್ಚು ಹೆಚ್ಚು. ಹುರಿ ಕುರ್ಚಿಯನ್ನು ನಾನೊಬ್ಬಳೇ ಹೆಣೆದು ಮುಗಿಸುತ್ತಿದ್ದೆ. ಬೆತ್ತದ ಕುರ್ಚಿಗೆ ಉದ್ದ ಎಳೆ, ಅಡ್ಡ ಎಳೆ ಎಳೆಯುವುದೂ ಬರುತ್ತಿತ್ತು. ಬಾರದೆ ಇದ್ದದ್ದು ಓರೆ ಎಳೆ. ಉದ್ದ ಅಡ್ಡಗಳ ನಡುವೆ ಮೂಲೆಯಿಂದ ಮೂಲೆಗೆ ನುಸುಳಿಸಿ ಇಡೀ ಸೀಟನ್ನು ಬಿಗಿ ಮಾಡುವ ಎಳೆ ಅದು. ಅದಿಲ್ಲದಿದ್ದರೆ ಕುರ್ಚಿ ಬರೀ ಜರಡಿ. ಅದನ್ನು ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಬೆನ್ನು ಬಿಡುತ್ತಿರಲಿಲ್ಲ.

"ಈ ಪಕ್ಷ ಕಳೀಲಿ ಮಗ, ಕಲುಸ್ತೀನಿ" ಅಂದ ಆ ವರ್ಷ.

"ಆಣೆ ಮಾಡು."

"ನಿನ್ ಕೈಲಿರೋ ಬೆತ್ತದಾಣೆಗೂ ಕಲುಸ್ತೀನಿ, ಓಗು."

ಅಪ್ಪನಿಗೆ ಎರಡೇ ಕಟ್ಟಳೆ. ಒದ್ದೆ ಬೆತ್ತದ ಮೇಲೆ ಬೆಕ್ಕೂ ಕೂರಬಾರದು. ನೆಂದಾಗ ಭಾರ ಬಿದ್ದರೆ ಜಗ್ಗಿಹೋಗುತ್ತದೆ, ಮತ್ತೆ ಬಿಗಿಯಾಗುವುದಿಲ್ಲ. ಎರಡನೆಯದು, ಒಣಗಿದ ಮೇಲೆ ಹೆಣೆದವನೇ ಮೊದಲು ಕೂರಬೇಕು, ಅದೂ ಕುರ್ಚಿ ಯಾರದೋ ಅವರ ಮನೆಯ ಜಗುಲಿಯಲ್ಲೇ. "ಕೂತಾಗ ಒಂದ್ ಸಲ ಮುಲುಗ್ಬೇಕು, ಆಮೇಲ್ ಬಾಯ್ ಮುಚ್ಕಬೇಕು. ಅದೇ ಒಳ್ಳೆ ಕುರ್ಚಿ" ಅನ್ನುತ್ತಿದ್ದ. ಮಿರ್ಲೆ ಪಕ್ಕದ ಹಳ್ಳಿಯ ದೊಡ್ಡಗೌಡರಿಗಂತೂ ಇದು ಬಲು ಇಷ್ಟ. ಅಪ್ಪ ಅವರ ಕುರ್ಚಿ ಸರಿಮಾಡಿ ಒಯ್ದಾಗಲೆಲ್ಲ, "ಕೂತ್ಕಳ್ಳಾ ಮಾದ. ನೀನ್ ಕೂತಾಗ ಮುರೀದಿದ್ರೆ ನಾನ್ ಕೂತಾಗ್ಲೂ ಮುರಿಯಕ್ಕಿಲ್ಲ" ಎಂದು ನಗುತ್ತ ತಾವು ಕಂಬಕ್ಕೆ ಒರಗಿ ನಿಂತಿರುತ್ತಿದ್ದರು. ಆಮೇಲೆ ಅಪ್ಪ ಎದ್ದು ಟವೆಲಿನಿಂದ ಒರೆಸಿ ಕೊಟ್ಟರೆ ಅವರು ಕೂರುತ್ತಿದ್ದರು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆ ದೊಡ್ಡಗೌಡರು ತೀರಿಕೊಂಡ ಮೇಲೆ ಬಂದ ಮೊದಲ ಪಕ್ಷ ಅದು. ಅವರ ಮಗ ಚಿಕ್ಕಗೌಡರು ತಂದೆ ಕೂರುತ್ತಿದ್ದ ಅದೇ ಕುರ್ಚಿಯನ್ನು ಕಳಿಸಿದ್ದರು. ತೇಗದ ಮರದ್ದು, ಅಗಲವಾದ ತೋಳಿನದ್ದು. ಅದರ ಮೇಲೇ ತಮ್ಮ ತಂದೆಯ ಕಳಶ ಕೂರಿಸಬೇಕು, ಚೆನ್ನಾಗಿರಲಿ ಅಂತ ಹೇಳಿ ಕಳಿಸಿದ್ದರು. ಅಪ್ಪ ಬೇರೆಲ್ಲ ಕೆಲಸ ಬದಿಗಿಟ್ಟು ಅದಕ್ಕೆ ಕೂತ. ಹೆಣೆಯುವಾಗ ಒಂದೆರಡು ಸಲ ಮೂಗು ಒರೆಸಿಕೊಂಡದ್ದನ್ನೂ ನೋಡಿದೆ. ಅದರಲ್ಲಿ ಉದ್ದ ಎಳೆ ನನ್ನವು. ಪಕ್ಷದ ಹದಿನೈದು ದಿನದಲ್ಲಿ ಒಂದೊಂದು ಮನೆಗೆ ಒಂದೊಂದು ದಿನ ಹಬ್ಬ. ಗೌಡರ ಮನೆಯ ಹಬ್ಬದ ದಿನ ಮಧ್ಯಾಹ್ನ ಕುರ್ಚಿಯನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ, ನನ್ನನ್ನು ಮುಂದೆ ಬಾರಿನ ಮೇಲೆ ಕೂರಿಸಿಕೊಂಡು ಹೊರಟ. ಮೋಡ ಮುಚ್ಚಿತ್ತು. ದಾರಿಯುದ್ದಕ್ಕೂ ಎಲ್ಲ ಊರಿನಲ್ಲೂ ಕಜ್ಜಾಯ ಕರಿಯುವ ವಾಸನೆ.

ಗೌಡರ ಮನೆಯ ಜಗುಲಿಯಲ್ಲಿ ಕುರ್ಚಿ ಇಳಿಸಿ, ಟವೆಲಿನಲ್ಲಿ ಧೂಳು ಒರೆಸಿ, ಅಪ್ಪ ಎಂದಿನಂತೆ ಕೂತ. ಕುರ್ಚಿ ಒಂದು ಸಲ ಕಿರ್ ಎಂದು ಸುಮ್ಮನಾಯಿತು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

"ಯಾವನ್ಲಾ ಅದು, ನಮ್ಮಪ್ಪನ್ ಕುರ್ಚೀಲಿ!"

ಚಿಕ್ಕಗೌಡರು ಒಳಗಿನಿಂದ ಬಂದಿದ್ದರು. ಅಪ್ಪ ಧಡಕ್ಕನೆ ಎದ್ದ. "ಬುದ್ಧಿ, ಯಾವಾಗ್ಲೂ ಹಂಗೇಯ... ಎಣೆದೋನು ಒಂದ್ ಕಿತ ಕೂತು..."

"ಎಡೆ ಇಡೋ ಕುರ್ಚೀಲಿ ನೀನ್ ಕೂತು ಎಂಜಲು ಮಾಡ್ತೀಯೇನ್ಲಾ? ನಮ್ಮಪ್ಪನೇ ಇನ್ನೂ ಬಂದಿಲ್ಲ, ನೀನ್ ಬಂದ್ಬುಟ್ಟಾ?"

ದೊಡ್ಡಗೌಡರ ಹೆಂಡತಿ, ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದವರು, ಬಾಗಿಲಿಗೆ ಬಂದರು. "ನಿಮ್ಮಪ್ಪನೇ ಕೂರುಸ್ತಿದ್ರು ಕಣ್ಲಾ ಮಗ" ಅಂದರು.

"ನೀ ಒಳೀಕ್ ಓಗವ್ವ" ಅಂದ ಮಗ. ಅವರು ಒಳಗೆ ಹೋದರು.

ಆಮೇಲೆ ಏನಾಯಿತೆಂದು ನಾನು ಹೇಳುತ್ತೇನೆ, ಏಕೆಂದರೆ ಬೇರೆ ಯಾರೂ ಹೇಳಿಲ್ಲ. ಕುರ್ಚಿಯನ್ನು ಅಂಗಳಕ್ಕೆ ಇಳಿಸಿದರು. ಬಿಸಿನೀರು, ಅರಿಸಿನ, ಗಂಜಲ ಎಲ್ಲ ತಂದು ಕೊಡಗಟ್ಟಲೆ ಹೊಯ್ದರು. ಹೊಸ ಬೆತ್ತ ನೀರು ಕುಡಿದು ಉಬ್ಬಿದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಬಿಸಿಲಿಲ್ಲ, ಒಣಗಲು ಹೊತ್ತೂ ಇಲ್ಲ, ಸಂಜೆಯಾಗುತ್ತಾ ಬಂತು. ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ ಎತ್ತಿಕೊಂಡು ಒಳಗೆ ಹೋದರು. ಜಗುಲಿಯ ಮೇಲೆ ಹನಿಗಳ ಸಾಲು ಬಿತ್ತು.

"ಅಪ್ಪ, ಒದ್ದೆ ಅದೆ!" ಅಂದೆ.

"ಸುಮ್ಕಿರು" ಅಂದ ಅಪ್ಪ. ಹೋಗಿ ಹೇಳುವ ಧೈರ್ಯ ಬೈಸಿಕೊಂಡವನಿಗೆ ಎಲ್ಲಿಂದ ಬರಬೇಕು? ಮನೆಗೆ ಹೊರಟುಬಿಡೋಣ ಎಂದರೆ ಅದೂ ಆಗದು. ಹಬ್ಬದ ದಿನ ಎಡೆಯ ಊಟ ತೆಗೆದುಕೊಳ್ಳದೆ ಹೋದರೆ ಹಿರಿಯರಿಗೆ ಬೆನ್ನು ಹಾಕಿದಂತೆ. ಹುಣಸೆಮರದ ಕೆಳಗೆ ಕೂತೆವು.

ಕತ್ತಲಾಗುವ ಮುಂಚೆ ಎಡೆ ಇಟ್ಟರು. ಕುರ್ಚಿಯ ಮೇಲೆ ತುಂಬಿದ ಹಿತ್ತಾಳೆ ಬಿಂದಿಗೆಯ ಕಳಶ, ಬೆನ್ನಿಗೆ ದೊಡ್ಡಗೌಡರಿಗೆಂದು ತಂದ ಹೊಸ ಪಂಚೆ, ಮುಂದೆ ಬಾಳೆಲೆಯಲ್ಲಿ ಕಜ್ಜಾಯ, ವಡೆ, ಕೋಳಿಸಾರು, ಮುದ್ದೆ, ಅವರು ಸೇದುತ್ತಿದ್ದ ಬೀಡಿ ಕಟ್ಟು. ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು, ಹಿರಿಯರು ಬಂದು ಉಣ್ಣಲಿ ಎಂದು ಮನೆಮಂದಿ, ನೆಂಟರು ಎಲ್ಲ ಹೊರಗೆ ಬಂದು ಮಾತಿಲ್ಲದೆ ನಿಂತರು.

ಒಳಗೆ ಢಣಾರ್ ಎಂದಿತು.

ಬಾಗಿಲು ತೆಗೆದರೆ ಸೀಟು ಜೋಳಿಗೆಯ ಹಾಗೆ ಜಗ್ಗಿ, ಬಿಂದಿಗೆ ಓರೆಯಾಗಿ ಉರುಳಿ, ಎಡೆಯ ಮೇಲೆಲ್ಲ ನೀರು. ತೆಂಗಿನಕಾಯಿ ಹೊಸಲಿನ ತನಕ ಉರುಳಿ ಬಂದಿತ್ತು. ಹೆಂಗಸರು ಹೋ ಎಂದು ಅತ್ತರು. ಚಿಕ್ಕಗೌಡರ ಮುಖ ಬಿಳಿಚಿಕೊಂಡಿತ್ತು. ಅವರು ತಿರುಗಿ ಅಂಗಳಕ್ಕೆ ಬಂದು ಅಪ್ಪನ ಕಡೆ ಕೈ ತೋರಿಸಿದರು. "ಇವನ್ ಕೂತಿದ್ಕೇ ನಮ್ಮಪ್ಪ ಎಡೆ ಒದ್ದವ್ನೆ. ಇವನ್ ಕೈ ಸರಿಯಿಲ್ಲ. ಕೆಟ್ಟ ಕೈ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ತಡೆಯಲಾಗಲಿಲ್ಲ. "ಒದ್ದೆ ಇತ್ತು! ನೀವೇ ನೀರ್ ಉಯ್ದು ಎತ್ಕಂಡೋದ್ರಿ, ನಾನ್ ನೋಡ್ದೆ!" ಎಂದು ಕಿರುಚಿದೆ. ಎರಡನೆಯ ಸಲ ಕಿರುಚುವಷ್ಟರಲ್ಲಿ ನನ್ನ ಬಾಯಿಯ ಮೇಲೆ ಒಂದು ಕೈ ಬಿತ್ತು. ಗೌಡರದಲ್ಲ. ಬೆತ್ತದ ವಾಸನೆಯ ಅಪ್ಪನ ಕೈ.

ದೊಡ್ಡವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡರು.

ಊಟ ಯಾರೂ ಕೊಡಲಿಲ್ಲ, ನಾವೂ ಕೇಳಲಿಲ್ಲ. ಅಪ್ಪ ಸೈಕಲ್ ತಳ್ಳಿಕೊಂಡು ನಡೆದ. ಊರು ದಾಟಿದ ಮೇಲೆ ನಾನು ಅವನ ಅಂಗಿ ಹಿಡಿದು ಜಗ್ಗಿದೆ. "ನೀನ್ ಯಾಕ್ ಏಳ್ನಿಲ್ಲ? ನನ್ ಬಾಯ್ ಯಾಕ್ ಮುಚ್ದೆ?"

"ಅವರಪ್ಪನ್ ಎಡೆ ಬಿದ್ದೋಗದೆ ಮಗ. ಹೆಂಗುಸ್ರು ಅಳ್ತಾವ್ರೆ. ಆವಾಗ ನೀರ್ ಉಯ್ದೋರು ನೀವು ಅಂತ ನಾನ್ ನ್ಯಾಯ ತೆಗೀಲಾ?"

"ತೆಗೀಬೇಕಿತ್ತು!"

"ಆಯ್ತು ಬುಡು. ಗೊತ್ತಿರೋರ್ಗೆ ಗೊತ್ತಿರ್ತದೆ."

ಗೊತ್ತಿರುವುದು ಹಾಳಾಗಲಿ. ಮಾರನೆಯ ದಿನದಿಂದಲೇ ಗಾಡಿಗಳು ಬರತೊಡಗಿದವು, ಕುರ್ಚಿ ಬಿಡಲು ಅಲ್ಲ, ವಾಪಸ್ಸು ಒಯ್ಯಲು. ಮೊದಲು ಅದೇ ಊರಿನವರು, ಆಮೇಲೆ ಸಾಲಿಗ್ರಾಮದವರು. ಯಾರೂ ಜಗಳವಾಡಲಿಲ್ಲ. "ಹಿರೀರ್ ಕುರ್ಚಿ ನೋಡಪ್ಪ, ಮನೇಲಿ ಒಪ್ತಾಯಿಲ್ಲ" ಎಂದು ನೆಲ ನೋಡುತ್ತ ಹೇಳಿದರು. ಅರ್ಧ ಹೆಣೆದದ್ದನ್ನೂ ಬಿಡಲಿಲ್ಲ. ನಾನು ಎಳೆದ ಉದ್ದ ಎಳೆ, ಅಡ್ಡ ಎಳೆ, ಎಳೆ ಜಾರದಂತೆ ತೂತುಗಳಲ್ಲಿ ಸಿಕ್ಕಿಸಿದ್ದ ಗೂಟ, ಎಲ್ಲ ಹಾಗೇ ಗಾಡಿ ಹತ್ತಿ ಹೋದವು. ಪಡಸಾಲೆ ಖಾಲಿಯಾಯಿತು. ಕೊನೆಗೂ ನಮಗೆ ಮನೆಯಲ್ಲಿ ಕೂರಲು ಬೇಕಾದಷ್ಟು ಜಾಗ ಸಿಕ್ಕಿತು. ಅವ್ವ ಅಲ್ಲಿ ಕೂತು ಅತ್ತಳು.

ಅಪ್ಪ ಪಿರಿಯಾಪಟ್ಟಣದ ಕಡೆಗೆ, ಹಾರನಹಳ್ಳಿಯ ಒಬ್ಬರ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ನಲ್ಲಿ ಬೆಂಕಿ ಹಾಕುವ ಕೆಲಸಕ್ಕೆ ಹೋದ. ಒಂದು ಭಾನುವಾರ ಅವ್ವ ಬುತ್ತಿ ಕಟ್ಟಿ ನನ್ನನ್ನು ಕಳಿಸಿದಳು. ಹೋದರೆ, ಒಲೆಯ ಬಾಯಲ್ಲಿ ಸೌದೆಯ ಜೊತೆ ನಮ್ಮ ಮನೆಯ ಬೆತ್ತದ ಕಟ್ಟು. ಸೀಳಿ, ಹೆರೆದು, ಸುತ್ತಿ ಇಟ್ಟದ್ದು. ಅಪ್ಪ ಒಂದೊಂದೇ ಸುರುಳಿ ಒಳಗೆ ದೂಡುತ್ತಿದ್ದ. ಸುಟ್ಟ ಬೆತ್ತದ ವಾಸನೆ ಹೊಗೆಸೊಪ್ಪಿನ ಘಾಟನ್ನೂ ಮೀರಿ ಬರುತ್ತಿತ್ತು.

"ಓರೆ ಎಳೆ ಕಲುಸ್ತೀನಿ ಅಂದಿದ್ದೆ" ಅಂದೆ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ.

"ಕಲ್ತು ಯಾರ್ ಕುರ್ಚಿಗ್ ಆಕ್ತೀಯವ್ವ?" ಅಂದ. ಬುತ್ತಿ ಬಿಚ್ಚಲಿಲ್ಲ.

ಅವನು ಸಾಯುವ ತನಕ ಮತ್ತೆ ಬೆತ್ತ ಮುಟ್ಟಲಿಲ್ಲ. ನಾನೂ ಕೇಳಲಿಲ್ಲ. ನಾನೀಗ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕೆ.ಆರ್. ನಗರ, ಹುಣಸೂರು, ಕೋಟೆ ಎಂದು ತಿರುಗುತ್ತೇನೆ. ಸೀಟಿಗಾಗಿ ಕಿತ್ತಾಡುವವರನ್ನು ದಿನಾ ಬಿಡಿಸುತ್ತೇನೆ. ಬಾಯಿ ಬಲು ಜೋರು ಎನ್ನುತ್ತಾರೆ, ಎನ್ನಲಿ. ಒಂದು ಸಲ ಮುಚ್ಚಿಸಿಕೊಂಡ ಬಾಯಿ ಇದು.

ಮೊನ್ನೆ ಯಾರೋ ನನ್ನ ನಂಬರ್ ಕೊಟ್ಟರಂತೆ, ಒಬ್ಬ ಹುಡುಗ ಫೋನ್ ಮಾಡಿದ. ಹಂಪಾಪುರದ ಹತ್ತಿರ ಹೋಂಸ್ಟೇ ಮಾಡಿದ್ದೇನೆ, ನಮ್ಮ ಮುತ್ತಾತನ ಕುರ್ಚಿ ಇದೆ, ನಿಮ್ಮ ತಂದೆ ಹೆಣೆಯುತ್ತಿದ್ದರಂತಲ್ಲ, ಬಂದು ನೋಡಿ ಅಂದ. ನಿಮ್ಮ ಹಿರಿಯರ ಊರು ಯಾವುದಪ್ಪ ಅಂದೆ. ಹೇಳಿದ. ಚಿಕ್ಕಗೌಡರ ಮೊಮ್ಮಗ. ಬೇಡ ಬೇಡ ಎನ್ನುತ್ತಲೇ ರಜೆಯ ದಿನ ಹೋದೆ.

ಅದೇ ಕುರ್ಚಿ. ಸೀಟಿನ ಮೇಲೆ ಯಾವ ಕಾಲದಲ್ಲೋ ಪ್ಲೈವುಡ್ ಬಡಿದಿದ್ದರು, ಅವನು ಅದನ್ನು ಕೀಳಿಸಿದ್ದ. ಚೌಕಟ್ಟಿನ ತೂತುಗಳಲ್ಲಿ ಕಪ್ಪಗಾದ ಬೆತ್ತದ ಚೂರುಗಳು ಇನ್ನೂ ಸಿಕ್ಕಿಕೊಂಡಿದ್ದವು. ಬೆರಳಿಟ್ಟು ನೋಡಿದೆ. ಹುಡುಗ ಒಳ್ಳೆಯವನೇ, ಕಾಫಿ ತರಿಸಿದ. ಬದಿಯಲ್ಲಿ ಅದೇ ಜೋಡಿಯ ಇನ್ನೊಂದು ಕುರ್ಚಿ ಇತ್ತು, ಮೆತ್ತೆ ಹಾಕಿದ್ದು. "ಕೂತ್ಕೊಳಿ ಆಂಟಿ, ಯಾಕೆ ನಿಂತಿದ್ದೀರ?" ಅಂದ. ನಗುತ್ತಲೇ ಅಂದ. ಇಷ್ಟು ಸುಲಭವಾಗಿತ್ತೇ ಈ ಮಾತು? ನಾನು ಕೂರಲಿಲ್ಲ.

"ಹೆಣೆಯೋಕೆ ಆಗುತ್ತಾ?" ಎಂದು ಕೇಳಿದ.

"ಉದ್ದ ಅಡ್ಡ ಬರ್ತದೆ. ಓರೆ ಎಳೆ ಬರಲ್ಲ. ಅದಿಲ್ದೆ ನಿಲ್ಲಲ್ಲ."

"ಅಯ್ಯೋ ಪರವಾಗಿಲ್ಲ. ಆನ್‌ಲೈನಲ್ಲಿ ರೆಡಿಮೇಡ್ ಆಗಿ ಹೆಣೆದ ಜಾಲಿ ಸಿಗುತ್ತೆ, ಪಿನ್ ಹೊಡೆಸಿಬಿಡ್ತೀನಿ. ಗೆಸ್ಟ್‌ಗಳಿಗೆ ಇದರ ಕಥೆ ಇಷ್ಟ ಆಂಟಿ. ಮುತ್ತಾತನ ಎಡೇನೇ ಬೀಳಿಸಿದ ಕುರ್ಚಿಯಂತೆ ಇದು. ಹೆಣೆದೋನು ಯಾರೋ ಕೈ ಸರಿಯಿಲ್ಲದವನಂತೆ." ಅವನಿಗೆ ಅದು ಯಾರೆಂದು ಹೊಳೆದಿರಲಿಲ್ಲ.

"ಒದ್ದೆ ಇತ್ತು ಕಣಪ್ಪ" ಅಂದೆ. "ನಿಮ್ಮ ತಾತ ತೊಳೆಸಿದ್ರು. ಒದ್ದೆ ಇತ್ತು. ಹೆಣೆದೋನು ನಮ್ಮಪ್ಪ."

"ಓ, ಹೌದಾ?" ಅಂದ. ಅಷ್ಟರಲ್ಲಿ ಅವನ ಫೋನ್ ಬಂತು, ಒಂದು ನಿಮಿಷ ಎಂದು ಕೈಸನ್ನೆ ಮಾಡಿ ಅಂಗಳಕ್ಕೆ ಹೋದ. ಕಾದೆ. ಅವನು ಮರಳಿ ಬಂದು ಜಾಲಿಯ ಬಣ್ಣ ಯಾವುದಿದ್ದರೆ ಚೆನ್ನ ಎಂದು ಕೇಳಿದ.

ಬಸ್ಸಿನಲ್ಲಿ ಬರುವಾಗ ಸೀಟು ಖಾಲಿಯಿದ್ದರೂ ನಿಂತೇ ಬಂದೆ. ಗೊತ್ತಿರುವವರಿಗೆ ಗೊತ್ತಿರುತ್ತದೆ ಅಂದಿದ್ದ ಅಪ್ಪ. ಚಿಕ್ಕಗೌಡರು ಹೋದರು. ದೊಡ್ಡವ್ವ ಹೋದರು. ಅಪ್ಪ ಹೋದ, ಓರೆ ಎಳೆಯನ್ನೂ ಕೈಯಲ್ಲೇ ತೆಗೆದುಕೊಂಡು ಹೋದ. ಕೆಟ್ಟ ಕೈ ಅನ್ನುವ ಮಾತು ಮಾತ್ರ ಇನ್ನೂ ಗಟ್ಟಿಯಾಗಿ ಕೂತಿದೆ, ಬಂದು ಹೋಗುವ ಗೆಸ್ಟುಗಳಿಗೆಲ್ಲ ಅದನ್ನು ಹೇಳುತ್ತಾರೆ. ಆ ಕುರ್ಚಿ ಒದ್ದೆ ಇತ್ತು ಎಂದು ಗೊತ್ತಿರುವವಳು ಈಗ ಭೂಮಿಯ ಮೇಲೆ ನಾನೊಬ್ಬಳೇ.