ಆಂಟಿ ಕೊಟ್ಟ ಪರಾತ

ಮೊನ್ನೆ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಲ್ಲಿ ಸೀಗೆಪುಡಿಯ ಪೊಟ್ಟಣ ಒಡೆದು ನೆಲಕ್ಕೆ ಚೆಲ್ಲಿತ್ತು. ಆ ಘಾಟಿಗೆ ಬೇರೆಯವರಾದರೆ ದೀಪಾವಳಿಯ ಎಣ್ಣೆಸ್ನಾನ ನೆನೆಸಿಕೊಳ್ಳುತ್ತಾರೆ. ನನಗೆ ನೆನಪಾದದ್ದು ಹೊಗೆಯಲ್ಲಿ ಬೆಂದ ಕುರಿಮಾಂಸ, ಮತ್ತು ಜನ್ಮದಲ್ಲಿ ಅದನ್ನು ಬಾಯಿಗಿಡದ ಪಕ್ಕದ ಮನೆಯ ಆಂಟಿ...

ಆಗ ನಾವು ಡಾಲಸ್ ಬಳಿಯ ಅಲೆನ್‌ನಲ್ಲಿದ್ದೆವು. ನಾನು ಮಂಡ್ಯದ ಕಡೆಯವಳು. ಆಂಟಿ ಧಾರವಾಡದವರು, ಅಪ್ಪಟ ಸಸ್ಯಾಹಾರಿ. ನಡುವೆ ಒಂದು ಮರದ ಬೇಲಿ. ಆ ಬದಿಗೆ ಅವರ ಮೆಂತ್ಯದ ಮಡಿ, ಈ ಬದಿಗೆ ನನ್ನ ಸ್ಮೋಕರ್. ಕಪ್ಪು ಕಬ್ಬಿಣದ ಪೀಪಾಯಿ ಅದು; ಕೆಳಗೆ ಸೌದೆಯ ಸಣ್ಣ ಬೆಂಕಿ, ಮೇಲೆ ಜಾಲರಿಯಲ್ಲಿ ಮಾಂಸ, ದಿನವಿಡೀ ಹೊಗೆ. ಟೆಕ್ಸಸ್‌ಗೆ ಬಂದ ಮೇಲೆ ಹಿಡಿದ ಹುಚ್ಚು. ರುಚಿಯ ಬಗ್ಗೆ ಇಲ್ಲಿ ಯಾರು ಬೇಕಾದರೂ ಉಪದೇಶ ಮಾಡುತ್ತಾರೆ. ತೊಟ್ಟಿಕ್ಕುವ ಕೊಬ್ಬಿನ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ತಳದಲ್ಲಿ ನೇತುಹಾಕಿದ ಪುಟ್ಟ ಡಬ್ಬಿ ತುಂಬಿ, ಜಿಡ್ಡು ಹಿತ್ತಿಲ ಕಾಂಕ್ರೀಟಿನ ಮೇಲೆ ಹರಡುತ್ತಿತ್ತು.

ಅಂಗಳ ಕೊಳೆಯಾದರೆ ನೀರು ಹೊಯ್ದು ತೊಳೆಯುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಒಂದು ಭಾನುವಾರ ಬಿಸಿನೀರು ಸುರಿದು, ಪೈಪ್ ಹಿಡಿದು, ಲಕಲಕ ಅನ್ನುವಂತೆ ತೊಳೆದೆ. ಜಿಡ್ಡೆಲ್ಲ ಬೇಲಿಯಡಿ ನುಸುಳಿ ಮೆಂತ್ಯದ ಮಡಿ ಸೇರಿತು.

ಆಂಟಿ ಗೇಟಿಗೆ ಬಂದರು. "ನಮ್ಮ ಮೆಂತೆ ಪಲ್ಲೆ ಪೂರಾ ಜಿಡ್ಡಾಗೇತಿ ನೋಡ್ರಿ."

ನಾಚಿಕೆಯಿಂದ ಹಿಡಿಯಷ್ಟಾದೆ. "ಸಾರಿ ಆಂಟಿ, ಈ ಸ್ಮೋಕರನ್ನೇ ಮಾರಿಬಿಡ್ತೀನಿ" ಅಂದೆ.

ಬೈಗುಳಕ್ಕೆ ಸಿದ್ಧಳಾಗಿದ್ದ ನನಗೆ ಅವರ ಉತ್ತರ ಕೇಳಿ ಆಶ್ಚರ್ಯವಾಯಿತು. "ಮಾರೂದು ಗೀರೂದು ಬ್ಯಾಡ್ರಿ. ಜಿಡ್ಡು ಹೆಂಗ ನಿಲ್ಲಸೂದು ನೋಡೂಣು."

ಮನೆಯಿಂದ ಸೀಗೆಪುಡಿ ತಂದು ಕಲೆಯ ಮೇಲೆ ನೀರು ಬೆರೆಸದೆ ಹಾಗೆಯೇ ಸುರಿದರು. ತಲೆಯ ಎಣ್ಣೆ ಹೀರುವ ಪುಡಿ ನೆಲದ ಎಣ್ಣೆಯನ್ನು ಬಿಟ್ಟೀತೇ? ತಿಕ್ಕಿ, ಗುಡಿಸಿ, ಕಸದ ಚೀಲಕ್ಕೆ ತುಂಬಿದೆವು. ಇನ್ನು ಜಿಡ್ಡು ಬೀಳದಂತೆ ಮಾಡಬೇಕಿತ್ತು. ಸಣ್ಣ ತಟ್ಟೆಗೆ ಮರಳು ಹಾಕಿ ಜಾಲರಿಯ ಕೆಳಗಿಟ್ಟೆವು, ಗಬ್ಬು ನಾತ. ಬರೀ ಫಾಯಿಲ್ ಹಾಸಿದೆವು. ಕೊಬ್ಬು ಸೀದು ಮಾಂಸವೇ ಕಹಿಯಾಯಿತು. ಆಂಟಿ ಮೂಗಿಗೆ ಸೆರಗು ಹಿಡಿದುಕೊಂಡೇ ಬಗ್ಗಿ ನೋಡುತ್ತಿದ್ದರು, ಆದರೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಜಾಲರಿಯ ಕೆಳಗೆ ಅಗಲವಾದ ತಟ್ಟೆಯಲ್ಲಿ ನೀರಿಟ್ಟರೆ ಕೊಬ್ಬು ಸೀಯುವುದಿಲ್ಲ, ತಣಿದ ಮೇಲೆ ಕೆನೆಯಂತೆ ಎತ್ತಿ ಕಸಕ್ಕೆ ಹಾಕಬಹುದು ಎಂದು ಕೊನೆಗೆ ಇಬ್ಬರಿಗೂ ಹೊಳೆಯಿತು. ಅಷ್ಟು ಅಗಲದ ತಟ್ಟೆ ಮಾತ್ರ ನನ್ನಲ್ಲಿರಲಿಲ್ಲ.

ಮರುದಿನ ಆಂಟಿ ತಮ್ಮ ಪರಾತ ತಂದರು. ಜೋಳದ ರೊಟ್ಟಿಯ ಹಿಟ್ಟು ನಾದುವ ದೊಡ್ಡ ಸ್ಟೀಲ್ ತಟ್ಟೆ, ಮದುವೆಯಲ್ಲಿ ತವರಿನವರು ಕೊಟ್ಟದ್ದು.

"ಅಯ್ಯೋ, ಇದಕ್ಕೆ ಮಾಂಸದ ಜಿಡ್ಡು ಬೀಳುತ್ತೆ ಆಂಟಿ!"

"ಗೊತ್ತೈತ್ರಿ. ಇದು ಇನ್ನ ನಮ್ಮ ಮನಿ ಒಳಗ ಬರಂಗಿಲ್ಲ, ನಿಮ್ಮ ಹತ್ರನ ಇರ್ಲಿ." ಪರಾತವನ್ನು ನನ್ನ ಕೈಗಿಟ್ಟು ಹೇಳಿದರು. "ನೀವು ಹೊಗಿ ಹಾಕಿದ ವಾರ ಅಷ್ಟ ನಮ್ಮ ಹುಡುಗಿ ಆಸ್ಟಿನ್‌ದಿಂದ ಬರ್ತಾಳ. ನನ್ನ ಅಡಗಿಮನ್ಯಾಗ ಅದನ್ನ ಮಾಡಾಕ ನನ್ನ ಕೈಲೆ ಆಗಂಗಿಲ್ಲ. ಆದ್ರ ನನಗ ಮಗಳು ಬೇಕ್ರಿ."

ಅವರ ಮಗಳು ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಮಾಂಸ ತಿನ್ನಲು ಶುರು ಮಾಡಿದ ಮೇಲೆ ತಾಯಿ ಮಗಳಿಗೆ ಜಟಾಪಟಿಯಾಗಿ, ಮನೆಗೆ ಬರುವುದನ್ನೇ ನಿಲ್ಲಿಸಿದ್ದಳು. ಒಮ್ಮೆ ನಾನು ಊಟಕ್ಕೆ ಕರೆದದ್ದೇ ನೆಪವಾಗಿ ಮತ್ತೆ ಬರತೊಡಗಿದ್ದಳು. ನಮ್ಮ ಹಿತ್ತಿಲಲ್ಲಿ ತಿಂದು, ಕೈ ತೊಳೆದು, ಅಮ್ಮನ ಮನೆಯಲ್ಲಿ ಮಲಗುತ್ತಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವಳು ಉಣ್ಣುವಾಗ ಬೇಲಿಯಾಚೆ ಆಂಟಿ ಮೆಂತ್ಯ ಕೀಳುತ್ತಾ ಕೂತಿರುತ್ತಿದ್ದರು. ಅಷ್ಟು ಮೆಂತ್ಯ ಆ ಮಡಿಯಲ್ಲಿ ಎಲ್ಲಿತ್ತೋ...

ನಾವು ಹ್ಯೂಸ್ಟನ್‌ಗೆ ಶಿಫ್ಟ್ ಆದೆವು. ಆಂಟಿ ಈಗಿಲ್ಲ. ಆಸ್ಟಿನ್‌ನಲ್ಲೇ ಕೆಲಸಕ್ಕೆ ಸೇರಿದ ಮಗಳು ಆಗಾಗ ಡ್ರೈವ್ ಮಾಡಿಕೊಂಡು ಬರುತ್ತಾಳೆ. ಮಾತೆಲ್ಲ ಇಂಗ್ಲಿಷೇ, ಆದರೆ ಪರಾತಕ್ಕೆ ಮಾತ್ರ ಪರಾತ ಅನ್ನುತ್ತಾಳೆ. ಅದಕ್ಕೆ ನೀರು ತುಂಬುವ ಕೆಲಸ ಅವಳದೇ.

ಈ ಮನೆಯ ಬೇಲಿಯಾಚೆ ಮೆಂತ್ಯದ ಮಡಿಯಿಲ್ಲ. ಜಿಡ್ಡು ಹರಿದರೂ ಕೇಳುವವರಿಲ್ಲ. ಆದರೂ ಒಂದು ಹನಿ ನೆಲಕ್ಕೆ ಬೀಳಗೊಡುವುದಿಲ್ಲ ನಾನು. ಶನಿವಾರ ಅವಳು ಬರುತ್ತಾಳೆ, ಸೀಗೆಪುಡಿಯೂ ತಂದಾಗಿದೆ. ಉಂಡು ಕೈ ತೊಳೆದ ಮೇಲೆ ಹೋಗಿ ಮಲಗಲು ಅವಳಿಗೆ ಪಕ್ಕದಲ್ಲಿ ಅಮ್ಮನ ಮನೆಯಿಲ್ಲ. ಹಾಸಿಗೆಯನ್ನು ನಾನೇ ಹಾಸುತ್ತೇನೆ.