ಮಾಳಿಗೆಯಿಂದ ಕಾಣುವ ಫಾಲ್ಸ್

ಗೋಕಾಕದ ಗುಡ್ಡದ ಮೇಲಿರುವ ನಮ್ಮ ಓಣಿಯಲ್ಲಿ ಮಾಳಿಗೆ ಹತ್ತಿ ಊರು ನೋಡದ ಬೀಗರಿಗೆ ಚಹಾ ಸಿಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಹುಕ್ಕೇರಿಯಿಂದ ಬಂದ ಬೀಗರು ಏದುಸಿರು ಬಿಡುತ್ತಲೇ ಹತ್ತಿದರು. ಕೆಳಗೆ ಬೇವಿನ ಮರಗಳ ನಡುವೆ ಬೆಳ್ಳಗೆ ಧುಮುಕುತ್ತಿದ್ದ ನೀರಿನತ್ತ ನಮ್ಮ ಕಾಕಾ ಬೆರಳು ಮಾಡಿದರು.

"ಅದ ನೋಡ್ರಿ, ನಮ್ಮ ಫಾಲ್ಸ್!"

ಹಿಡಕಲ್ ಡ್ಯಾಮಿನಿಂದ ನೀರು ಬಿಡದಿದ್ದರೆ ಬೇಸಿಗೆಯಲ್ಲಿ ಎಲ್ಲಿಯ ಫಾಲ್ಸ್? ಬೀಗರು ಕೈಮುಗಿದು ಫೋಟೋ ಹೊಡೆದುಕೊಂಡರು.

ಅಷ್ಟರಲ್ಲಿ ಅದೇ ಮರಗಳ ಕಡೆಯಿಂದ ಹೆಂಗಸೊಬ್ಬಳು ಕೂಗಿದಳು: "ಟಾಕಿ ತುಂಬಿ ಹರಿಯಾಕತ್ತೈತಿ, ಮೋಟರ್ ಬಂದ್ ಮಾಡ್ರಿ!"

ಫಾಲ್ಸ್ ನಿಂತಿತು.

ಕಾಕಾ ಒಂಚೂರೂ ಅಳುಕಲಿಲ್ಲ. "ನಿಮ್ಮ ಸಲುವಾಗಿ ಡ್ಯಾಮಿನವರಿಗೆ ಹೇಳಿ ಬಿಡಿಸಿದ್ದೆ. ನೋಡಿದ್ರಲ್ಲ, ಇನ್ನ ಚಹಾಕ್ಕ ಬರ್ರಿ."